ಒಡೆಯದ ನಾಲ್ಕನೆಯ ನಿಂಬೆಹಣ್ಣು

ಪ್ರತಿ ವರ್ಷ ಹೊಸ ತಂಡ ಬಂದಾಗ ಇಲ್ಲಿ ಸಿಂಗಪುರದ ಒಂದು ತಾಂತ್ರಿಕ ಸಂಸ್ಥೆಯವರು ನನ್ನನ್ನು ಕರೆಸಿ, ಮಕ್ಕಳಿಗೆ ನಾಲ್ಕು ಮಾತು ಹೇಳಿ ಎನ್ನುತ್ತಾರೆ. ನಾನು ಮಾತಿನ ಮನುಷ್ಯನಲ್ಲ, ಟಿಂಕರ್. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಬಡಿದು, ಎಳೆದು, ಬೆಸೆದು ಮೊದಲಿನ ಆಕಾರಕ್ಕೆ ತರುವುದೇ ಜೀವಮಾನವೆಲ್ಲ ನಾನು ಮಾಡಿದ ಕೆಲಸ. ಮೈಸೂರಿನಲ್ಲಿ ನನ್ನ ತಂಗಿಯ ಮೊಮ್ಮಗಳು ಈಗ ಆಟೊಮೊಬೈಲ್ ಡಿಪ್ಲೊಮಾಕ್ಕೆ ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ, "ತಾತ, ನೀವು ಮಾಡಿದ್ದರಲ್ಲಿ ಬೆಸ್ಟ್ ಕೆಲಸ ಯಾವುದು?" ಎಂದು ಕೇಳಿದಳು. ಬೆಸ್ಟ್ ಯಾವುದೋ ನೆನಪಿಲ್ಲ ಕಣಮ್ಮ, ಕೆಡಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ, ಆದ್ದರಿಂದ ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೈಸೂರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಸೆಂಬವಾಂಗಿನ ಹಡಗು ರಿಪೇರಿ ಯಾರ್ಡಿಗೆ ಬಂದವನು ನಾನು. ಅಲ್ಲಿ ಕೆಲವು ವರ್ಷ ದಪ್ಪ ತಗಡು ಬೆಸೆದೆ. ಆಮೇಲೆ ಕಾರಿನ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿನ ಫೋರ್‌ಮನ್ ಕೂನ್. ನನಗಿಂತ ಹದಿನೈದು ವರ್ಷ ದೊಡ್ಡವರು, ಕುಳ್ಳಗೆ, ಬಿಗಿಯಾಗಿ ಕಟ್ಟಿದಂತಿದ್ದ ಚೀನೀ ಮನುಷ್ಯ. ನಾನು ಅವರನ್ನು ಬಾಸ್ ಎನ್ನುತ್ತಿದ್ದೆ. ಪುಟ್ಟಸ್ವಾಮಿ ಎಂಬ ನನ್ನ ಹೆಸರು ಅವರ ನಾಲಿಗೆಗೆ ಹೊರಳದೆ ನಾನು "ಸಾಮಿ" ಆದೆ. ಅವರು ಆಡುತ್ತಿದ್ದುದು ಸಿಂಗಪುರದ ಇಂಗ್ಲಿಷ್. ಇಲ್ಲಿ ಅದನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ದಿನ ಕೂನ್ ನನಗೆ ನೆಗ್ಗಿದ ಬಾಗಿಲೊಂದನ್ನು ಕೊಟ್ಟರು. ಮಧ್ಯಾಹ್ನದೊಳಗೆ ಕನ್ನಡಿಯ ಹಾಗೆ ಮಾಡಿ ಮುಂದಿಟ್ಟೆ. ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಜೇಬಿನಿಂದ ಸಣ್ಣದೊಂದು ಅಯಸ್ಕಾಂತ ತೆಗೆದು ಬಾಗಿಲಿನ ಮೇಲೆ ಜಾರಿಸಿದರು. ನೆಗ್ಗಿದ್ದ ಜಾಗಕ್ಕೆ ಬರುತ್ತಲೇ ಅದು ಟಪ್ಪೆಂದು ನೆಲಕ್ಕೆ ಬಿತ್ತು. ತಗಡನ್ನು ಅರ್ಧಂಬರ್ಧ ಎತ್ತಿ ಉಳಿದದ್ದಕ್ಕೆ ಪುಟ್ಟಿ ಮೆತ್ತಿದ್ದೆ ನಾನು. "ಇದು ಬಾಗಿಲಲ್ಲ, ಕೇಕ್. ತಗಡು ಎಲ್ಲಿ?" ಎಂದರು. ಮೂರು ದಿನ ಪುಟ್ಟಿ ಡಬ್ಬಿಯನ್ನು ಬೀಗ ಹಾಕಿ ಇಟ್ಟು, ಬರೀ ಸುತ್ತಿಗೆಯಲ್ಲಿ ಅದೇ ಬಾಗಿಲನ್ನು ಸರಿ ಮಾಡಿಸಿದರು. ಹೊಟ್ಟೆ ಉರಿದುಹೋಯಿತು. ಆದರೆ ಕೆಲಸ ಕಲಿತದ್ದು ಆ ಮೂರು ದಿನದಲ್ಲೇ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ, ಇದನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು. ಆಯುಧಪೂಜೆಯ ದಿನ ನನ್ನ ಸುತ್ತಿಗೆಗಳಿಗೆ ಅರಿಶಿನ ಕುಂಕುಮ ಇಟ್ಟು, ಕೈ ಸುಮ್ಮನಿರಲಾರದೆ, ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಬಿಳಿ ಕಾರಿನ ಬಾನೆಟ್ಟಿಗೂ ಮೂರು ಬೊಟ್ಟು ಇಟ್ಟೆ. ಹಿಂದಿನ ದಿನ ತಾನೇ ಬಣ್ಣ ಹೊಡೆದಿದ್ದ ಬಾನೆಟ್ಟು ಅದು. ಸಂಜೆ ಒರೆಸಿದರೆ ಕುಂಕುಮ ಹೋಯಿತು, ಕೆಂಪು ಹೋಗಲಿಲ್ಲ. ಇಡೀ ಬಾನೆಟ್ಟನ್ನು ಉಜ್ಜಿ ಮತ್ತೆ ಬಣ್ಣ ಹೊಡೆದೆ. ಮರುವರ್ಷ ಹಬ್ಬದ ಬೆಳಿಗ್ಗೆ ಗುಜರಿಯಿಂದ ತಂದ ಹಳೆಯ ಬಾನೆಟ್ಟೊಂದನ್ನು ತೊಳೆದು ನನ್ನ ಬೆಂಚಿನ ಮೇಲೆ ಇಟ್ಟಿದ್ದರು. "ನಿನ್ನ ದೇವರಿಗೆ ಇದು. ಗಿರಾಕಿಯ ಗಾಡಿ ಮುಟ್ಟಬೇಡ" ಎಂದರು. ಅಂಥ ಮೇಲಧಿಕಾರಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಊರು ದಿಢೀರನೆ ಶ್ರೀಮಂತವಾಯಿತು. ಎಲ್ಲಿ ನೋಡಿದರೂ ಕಟ್ಟಡ ಕೆಡವುವುದು, ಕಟ್ಟುವುದು, ಹೊಸ ಕಾರು. ಇಲ್ಲಿ ಕಾರಿಗೆ ಹತ್ತು ವರ್ಷದ ಪರವಾನಗಿ. ಜನ ಅಷ್ಟರವರೆಗೂ ಕಾಯದೆ, ಚೆನ್ನಾಗಿರುವ ಗಾಡಿಗಳನ್ನೇ ಗುಜರಿಗೆ ತಳ್ಳುತ್ತಿದ್ದರು. ಟ್ಯಾಂಪಿನೀಸಿನಲ್ಲಿ ನಮ್ಮ ಬ್ಲಾಕಿನಲ್ಲೇ ಇದ್ದ ಬೆಂಗಳೂರಿನ ಹುಡುಗ ಪ್ರಸಾದ್, ಬ್ಯಾಂಕಿನ ಕಂಪ್ಯೂಟರ್ ಕೆಲಸದವನು, ಒಂದು ದಿನ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಸಿಕ್ಕಿ, "ಅಂಕಲ್, ನನ್ನ ಕಾರ್ ಸ್ಕ್ರ್ಯಾಪ್ ಮಾಡ್ತಿದೀನಿ. ಹೊಸದು ಬುಕ್ ಮಾಡಿಬಿಟ್ಟೆ" ಎಂದ.

"ಎಂಜಿನ್ ಚೆನ್ನಾಗಿದೆಯಲ್ಲೋ ಮಾರಾಯ."

"ಚೆನ್ನಾಗೇ ಇದೆ ಅಂಕಲ್. ಆದ್ರೂ ಎಲ್ಲರೂ ಚೇಂಜ್ ಮಾಡ್ತಿದಾರೆ, ನಾನೊಬ್ಬನೇ ಇಟ್ಕೊಂಡು ಏನ್ ಮಾಡ್ಲಿ?"

ನಮ್ಮ ಕಸುಬೂ ಹಾಗೇ ಬದಲಾಯಿತು. ನೆಗ್ಗಿದ ಬಾಗಿಲನ್ನು ಎತ್ತುವವರಿಲ್ಲ, ಬಿಚ್ಚಿ ಎಸೆದು ಹೊಸದನ್ನು ಜೋಡಿಸುವುದು. ಕೂನ್ ನಿವೃತ್ತರಾದ ಮೇಲೆ ಬಂದ ಮ್ಯಾನೇಜರನಿಗೆ ಸುತ್ತಿಗೆಯ ಸದ್ದು ಕೇಳಿದರೇ ತಲೆನೋವು. ಕಂಪ್ಯೂಟರಿನಲ್ಲಿ ಬಿಡಿಭಾಗದ ನಂಬರು ಒತ್ತು, ನಾಳೆ ಬರುತ್ತದೆ, ಬೋಲ್ಟು ಬಿಗಿ, ಅಷ್ಟೇ. ಕೆಟ್ಟ ಪದ್ಧತಿ ಎಂದು ನಾನು ಹೇಳುವುದಿಲ್ಲ. ಎಷ್ಟೋ ಕಾರುಗಳಿಗೆ ಅದೇ ಸರಿ. ಆದರೆ ನನ್ನ ಕೈಗೆ ಕೆಲಸವಿಲ್ಲದೆ ಜೀವ ಚಡಪಡಿಸುತ್ತಿತ್ತು.

ಅಂಥ ಒಂದು ದಿನ ಕೂನ್ ಫೋನ್ ಮಾಡಿದರು. "ಸಾಮಿ, ಭಾನುವಾರ ಏನು ಮಾಡುತ್ತೀ?"

"ಏನೂ ಇಲ್ಲ ಬಾಸ್. ನಿದ್ದೆ."

"ನಿದ್ದೆ ಆಮೇಲೆ ಮಾಡು. ಸುತ್ತಿಗೆ ತಗೊಂಡು ಬಾ."

ಅವರು ಸೆಂಬವಾಂಗಿನಲ್ಲಿ ಸರ್ಕಾರದ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಬ್ರಿಟಿಷ್ ನೌಕಾದಳದವರ ಕಾಲದ ಮನೆ. ಮುಂದೆ ವಿಶಾಲವಾದ ಪೋರ್ಚು, ಹಿಂದೆ ಸಿಮೆಂಟಿನ ಬ್ಯಾಡ್ಮಿಂಟನ್ ಅಂಕಣ. ಪೋರ್ಚಿನ ತುಂಬ ಗುಜರಿ ಸಾಮಾನು. ಹುಡುಗನಾಗಿದ್ದಾಗ ಅಮೆರಿಕದ ಪತ್ರಿಕೆಯೊಂದರಲ್ಲಿ ಅವರು ಒಂದು ಚಿತ್ರ ನೋಡಿದ್ದರಂತೆ. ಮೇಲೆ ಮುಚ್ಚಿಗೆಯಿಲ್ಲ, ಮುಂದಿನ ಚಕ್ರಕ್ಕೆ ಮಡ್‌ಗಾರ್ಡಿಲ್ಲ, ಎಂಜಿನ್ ಎಲ್ಲರಿಗೂ ಕಾಣುವಂತೆ ತೆರೆದುಕೊಂಡಿರುವ ಪುಟ್ಟ ಎರಡು ಸೀಟಿನ ಗಾಡಿ. ಹಾಟ್ ರಾಡ್ ರೋಡ್‌ಸ್ಟರ್ ಅಂತ. ಅಲ್ಲಿಯ ಹುಡುಗರು ತಮ್ಮೂರ ಗುಜರಿಯಲ್ಲಿ ಸಿಕ್ಕಿದ್ದರಲ್ಲೇ ಮನೆಯ ಅಂಗಳದಲ್ಲಿ ಅದನ್ನು ಕಟ್ಟುತ್ತಿದ್ದರು. "ನಮ್ಮೂರಿನ ಗುಜರಿಯಲ್ಲಿ ಸಿಕ್ಕಿದ್ದರಲ್ಲಿ ನಾವು ಕಟ್ಟೋಣ" ಎಂದರು ಕೂನ್.

"ಈ ಊರಲ್ಲಿ ಇದನ್ನು ರಸ್ತೆಗೆ ಬಿಡುವುದಿಲ್ಲ ಬಾಸ್. ನಂಬರ್ ಪ್ಲೇಟ್ ಸಿಗಲ್ಲ."

"ಗೊತ್ತು."

"ಮತ್ತೆ ಯಾಕೆ?"

"ನಲವತ್ತು ವರ್ಷ ಬೇರೆಯವರು ಗುದ್ದಿಸಿಕೊಂಡು ಬಂದದ್ದನ್ನು ಸರಿ ಮಾಡಿದೆ. ಒಂದಾದರೂ ಗಾಡಿ ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿನವರೆಗೆ ನಾನು ಮಾಡಿದ್ದು ಅಂತ ಇರಲಿ."

ಅವತ್ತಿನಿಂದ ಭಾನುವಾರವೆಂದರೆ ಟ್ಯಾಂಪಿನೀಸಿನಿಂದ ಎಂಆರ್‌ಟಿ ರೈಲು, ಅಲ್ಲಿಂದ ಬಸ್ಸು, ಕೈಚೀಲದಲ್ಲಿ ಸುತ್ತಿಗೆ. ನನ್ನ ಹೆಂಡತಿ ಜಯಮ್ಮನೂ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. "ವಾರವಿಡೀ ಅದೇ ತಗಡು, ಭಾನುವಾರವೂ ಅದೇ ತಗಡು. ನನ್ನನ್ನು ಕಟ್ಟಿಕೊಳ್ಳೋ ಬದಲು ಒಂದು ಲಾರಿ ಕಟ್ಟಿಕೊಳ್ಳಬೇಕಿತ್ತು ನೀವು" ಎಂದು ದಾರಿಯುದ್ದಕ್ಕೂ ರೇಗಿಸುವುದು, ಅಲ್ಲಿಗೆ ಹೋದ ಮೇಲೆ ಕೂನ್‌ಗೆ ಎರಡನೆಯ ಸಲ ಪುಳಿಯೋಗರೆ ಬಡಿಸುವುದು.

ಗಾಡಿಯ ಮುಂಭಾಗದ ತಗಡು ಸಿಕ್ಕಿದ್ದು ಚೋವಾ ಚು ಕಾಂಗ್ ಆಚೆಯ ತೋಟವೊಂದರಲ್ಲಿ. ಬ್ರಿಟಿಷರು ಬಿಟ್ಟುಹೋದ ಹಳೆಯ ಕಾರೊಂದು ಅಲ್ಲಿ ಕೋಳಿಗೂಡಾಗಿತ್ತು. ಮೊಟ್ಟೆ ಇಟ್ಟು ಕೂತಿದ್ದ ಕೋಳಿ ಏಳುವವರೆಗೆ ಮೂರು ವಾರ ಕಾದು ತಂದೆವು. ಚಾಸಿಗೆ ಸಣ್ಣ ಲಾರಿಯೊಂದರ ಎರಡು ಉದ್ದನೆಯ ಕಬ್ಬಿಣದ ತೊಲೆಗಳು. ಎಂಜಿನ್ ಪ್ರಸಾದನ ಕಾರಿನದೇ, ಗುಜರಿ ಅಂಗಳದಲ್ಲಿ ಅದನ್ನು ಕತ್ತರಿಸುವ ಮುಂಚೆ ಹೋಗಿ ಬಿಚ್ಚಿಕೊಂಡೆವು. ಸೀಟು ಒಂದು ಹಳೆಯ ದೋಣಿಯದು.

ಚಾಸಿ ಬೆಸೆಯುವುದು ನನ್ನ ಕೆಲಸ. ಎರಡು ತೊಲೆಗಳನ್ನು ಸಮಾನಾಂತರ ಇಟ್ಟು, ನಡುವೆ ಮೂರು ಅಡ್ಡಪಟ್ಟಿ ಕೂರಿಸಿ ಬೆಸೆಯಬೇಕು. ಗಾಡಿಗೆ ಅದೇ ಬೆನ್ನುಮೂಳೆ. ಪೋರ್ಚಿನ ನಾಲ್ಕು ಮೂಲೆಗೆ ಒಂದೇ ಎತ್ತರದ ನಾಲ್ಕು ಸ್ಟ್ಯಾಂಡ್ ಮಾಡಿಕೊಂಡೆ. ತೊಲೆಗಳನ್ನು ಅವುಗಳ ಮೇಲಿಟ್ಟು ಬಿಗಿಯಾಗಿ ಕಚ್ಚಿಸಿದೆ. ನೆಲದಿಂದ ಟೇಪು ಹಿಡಿದು ಅಳೆದೆ. ನಾಲ್ಕೂ ಕಡೆ ಒಂದೇ ಎತ್ತರ. ರಸಮಟ್ಟ ಇಟ್ಟು ಲೆವೆಲ್ ನೋಡಬೇಕಿತ್ತು. ಅದು ಒಳಗೆ ಕೂನರ ಪೆಟ್ಟಿಗೆಯಲ್ಲಿತ್ತು. ಎದ್ದು ಹೋಗಿ ತರುವುದಕ್ಕೆ ಸೋಮಾರಿತನ ಎಂದರೆ ಅರ್ಧ ಸತ್ಯ. ಹಡಗು ಬೆಸೆದವನಿಗೆ ಈ ಆಟಿಕೆ ಗಾಡಿಗೆ ರಸಮಟ್ಟ ಬೇರೆ ಕೇಡು ಎಂಬ ಜಂಬ ಉಳಿದರ್ಧ. ಮೂರೂ ಅಡ್ಡಪಟ್ಟಿಗಳನ್ನು ಒಂದೇ ಭಾನುವಾರದಲ್ಲಿ ಬೆಸೆದು ಮುಗಿಸಿದೆ.

ಎರಡು ವರ್ಷಕ್ಕೆ ಹತ್ತಿರವಾಗುತ್ತಿದ್ದಾಗ ಸರ್ಕಾರದಿಂದ ಕಾಗದ ಬಂತು. ಆ ಸಾಲಿನ ಮನೆಗಳನ್ನೆಲ್ಲ ವಾಪಸು ತೆಗೆದುಕೊಳ್ಳುತ್ತಾರೆ, ಬಾಡಿಗೆ ಮುಂದುವರಿಯುವುದಿಲ್ಲ, ಖಾಲಿ ಮಾಡಬೇಕು. ಕೂನ್ ಚೋವಾ ಚು ಕಾಂಗಿನಲ್ಲಿ ಒಂಬತ್ತನೆಯ ಮಹಡಿಯ ಫ್ಲ್ಯಾಟು ನೋಡಿಕೊಂಡರು. ಗಾಡಿಯನ್ನು ಅಲ್ಲಿಗೆ ಒಯ್ಯುವ ಹಾಗಿಲ್ಲ. ನಂಬರಿಲ್ಲದ ಗಾಡಿಯನ್ನು ಕೆಳಗೆ ನಿಲ್ಲಿಸಲು ಬಿಡುವುದಿಲ್ಲ.

ಕೂನ್ ಎರಡು ವಾರ ಅಲ್ಲಿ ಇಲ್ಲಿ ವಿಚಾರಿಸಿದರು. ಕೊನೆಗೆ ನಾನು ಮೊದಲು ಹೇಳಿದ ತಾಂತ್ರಿಕ ಸಂಸ್ಥೆಯ ವರ್ಕ್‌ಶಾಪ್ ನೋಡಿಕೊಳ್ಳುವ ಮೇಡಂ ಒಪ್ಪಿದರು, ಷರತ್ತಿನ ಮೇಲೆ. ಮಕ್ಕಳು ಕಲಿಯಲು ಇಟ್ಟುಕೊಳ್ಳುತ್ತೇವೆ, ಆದರೆ ಅದು ತನ್ನ ಎಂಜಿನ್ನಿನಲ್ಲೇ ಓಡಬೇಕು, ಚಾಸಿ ನೆಟ್ಟಗಿರಬೇಕು, ನಾನೇ ಬಂದು ಅಳೆದು ನೋಡುತ್ತೇನೆ ಎಂದರು. ಪಾಸಾದರೆ ಸಂಸ್ಥೆಗೆ, ಇಲ್ಲವಾದರೆ ಗುಜರಿಗೆ. ಮನೆಯ ಬೀಗದ ಕೈ ಒಪ್ಪಿಸಲು ಒಂಬತ್ತು ಭಾನುವಾರ ಉಳಿದಿದ್ದವು.

ಆ ಮೊದಲನೆಯ ಭಾನುವಾರವೇ ಗಾಡಿಯನ್ನು ಹಿಂದಿನ ಬ್ಯಾಡ್ಮಿಂಟನ್ ಅಂಕಣಕ್ಕೆ ತಳ್ಳಿಕೊಂಡು ಹೋದೆವು. ಅಲ್ಲಿಯವರೆಗೂ ಅದು ಪೋರ್ಚು ಬಿಟ್ಟು ಕದಲಿರಲಿಲ್ಲ. ಜಯಮ್ಮ ಸ್ಟಿಯರಿಂಗಿಗೆ ಹೂ ಕಟ್ಟಿದಳು. ನಾನು ಹುಷಾರಾಗಿ ಬಣ್ಣವಿಲ್ಲದ ಕಡೆ ನೋಡಿ ಕುಂಕುಮ ಇಟ್ಟೆ. ಅವಳು ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಳು. "ಇದು ಯಾಕೆ?" ಎಂದರು ಕೂನ್. ಅದರ ಮೇಲೆ ಹತ್ತಿಸಿಕೊಂಡು ಹೋಗಬೇಕು, ದೃಷ್ಟಿ ತೆಗೆಯುವುದು ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಎಂಜಿನ್ ಶುರು ಮಾಡಿದರು. ಪ್ರಸಾದನ ಎಂಜಿನ್ನು ಮೊದಲ ಸಲಕ್ಕೇ ಹಿಡಿಯಿತು. ಗಾಡಿ ನಿಧಾನವಾಗಿ ಮುಂದೆ ಹೋಯಿತು.

ಮೂರು ನಿಂಬೆಹಣ್ಣು ಒಡೆದವು. ಮುಂದಿನ ಎಡಚಕ್ರದ್ದು ಒಡೆಯಲಿಲ್ಲ. ಚಕ್ರ ಅದನ್ನು ಮೂತಿಯಲ್ಲಿ ತಳ್ಳಿಕೊಂಡು ಸ್ವಲ್ಪ ದೂರ ಹೋಗಿ ಪಕ್ಕಕ್ಕೆ ಉರುಳಿಸಿಬಿಟ್ಟಿತು. ಜಯಮ್ಮ ಅದನ್ನು ಎತ್ತಿಕೊಂಡು ನೋಡಿದಳು, ಸಿಪ್ಪೆಗೂ ಗೀರಿಲ್ಲ. "ಇದೇನ್ರೀ, ಇದೊಂದು ಹಾಗೇ ಇದೆ" ಎಂದಳು. ಕೂನ್ ಇಳಿದು ಬಂದು ದಿನಪತ್ರಿಕೆಯ ಹಾಳೆಯೊಂದನ್ನು ಆ ಚಕ್ರದ ಕೆಳಗೆ ತೂರಿಸಿದರು. ಹಾಳೆ ಸಲೀಸಾಗಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬಂತು. ಮೂರು ಚಕ್ರ ನೆಲದ ಮೇಲೆ, ನಾಲ್ಕನೆಯದು ಗಾಳಿಯಲ್ಲಿ.

ಕೂನ್ ನನ್ನ ಮುಖ ನೋಡಿದರು. "ಚಾಸಿ ಬೆಸೆಯುವಾಗ ಲೆವೆಲ್ ನೋಡಿದ್ದೆಯಾ?"

"ನೋಡಿದ್ದೆ ಬಾಸ್."

ಈ ಎರಡು ಪದವನ್ನು ಆಡಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಅಳೆದಿದ್ದೆನಲ್ಲ, ಅಳೆದದ್ದೂ ನೋಡಿದ ಹಾಗೆಯೇ ಎಂದು ಮನಸ್ಸಿನಲ್ಲೇ ಸಮಜಾಯಿಷಿ ಕೊಟ್ಟುಕೊಂಡೆ. ಕೂನ್ ಮತ್ತೆ ಕೇಳಲಿಲ್ಲ. ನನಗೆ ಕೆಲಸ ಕಲಿಸಿದವರು ಅವರು, ನನ್ನ ಮಾತನ್ನು ನಂಬಿದರು. "ಹಾಗಾದರೆ ಸ್ಪ್ರಿಂಗು" ಎಂದರು.

ಗಾಡಿಯನ್ನು ಪೋರ್ಚಿಗೆ ವಾಪಸು ತಳ್ಳಿದೆವು. ಅಲ್ಲಿ ಹಾಳೆ ತೂರಿಸಿದರೆ ನಾಲ್ಕು ಚಕ್ರವೂ ನೆಲಕ್ಕೆ ಕಚ್ಚಿಕೊಂಡಿದ್ದವು. ತಲೆ ಕೆಟ್ಟುಹೋಯಿತು. ಮುಂದಿನ ಭಾನುವಾರ ಎಡದ ಸ್ಪ್ರಿಂಗನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆವು. ಅಂಕಣಕ್ಕೆ ತಂದರೆ ಅದೇ ಚಕ್ರ ಗಾಳಿಯಲ್ಲಿ. ಅದರ ಮುಂದಿನ ವಾರ ಟೈರು ಬದಲಾಯಿಸಿದೆವು. ಅದೇ ಚಕ್ರ. ಕೂನ್‌ಗೆ ಆಗ ಎಪ್ಪತ್ತರ ಹತ್ತಿರ. ಜ್ಯಾಕಿನ ಕೆಳಗೆ ಮಲಗಿ, ಎದ್ದು, ಮತ್ತೆ ಮಲಗಿ ಅವರ ಬೆನ್ನು ಹಿಡಿದುಕೊಂಡಿತ್ತು. ನಾನು ಒಂದು ಮಾತು ಬಾಯಿ ಬಿಟ್ಟಿದ್ದರೆ ಅವರು ಅಷ್ಟು ಸಲ ನೆಲಕ್ಕೆ ಮಲಗಬೇಕಾಗಿರಲಿಲ್ಲ. ಬಾಯಿ ಬಿಡಲಿಲ್ಲ.

ನಾಲ್ಕನೆಯ ಭಾನುವಾರ ಎಂಜಿನ್ ಆಯಿಲ್ ಚೆಲ್ಲಿ ಪೋರ್ಚು ಗಲೀಜಾಗಿತ್ತು. ಗಾಡಿಯನ್ನು ಹಿಂದಿನ ಅಂಕಣಕ್ಕೆ ತಳ್ಳಿದ ಮೇಲೆ ಜಯಮ್ಮ ಸೋಪಿನ ನೀರು ಹಾಕಿ ನೆಲ ಉಜ್ಜಿದಳು. ಕೂನ್ ಒಳಗೆ ಕಾಫಿ ಮಾಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಸ್ಪ್ರಿಂಗಿಗೆ ಶಾಪ ಹಾಕುತ್ತಿದ್ದೆ.

"ರೀ, ಇಲ್ಲಿ ನೋಡಿ" ಎಂದಳು ಜಯಮ್ಮ. "ನೀರು ನೇರವಾಗಿ ಗೇಟಿನ ಕಡೆ ಹೋಗ್ತಿಲ್ಲ. ಎಲ್ಲ ಈ ಬಲಮೂಲೆಗೇ ತಿರುಗ್ತಿದೆ."

"ಮೋರಿ ಅಲ್ಲಿದೆ. ಅದಕ್ಕೆ."

"ನಾನೂ ಅದನ್ನೇ ಹೇಳ್ತಿರೋದು. ನಮ್ಮಪ್ಪ ಅಂಗಳಕ್ಕೆ ಗಾರೆ ಹಾಕುವಾಗ ಮೋರಿ ಇರೋ ಮೂಲೇನ ಬೇಕಂತಲೇ ಒಂದು ಬೆರಳು ಇಳಿಸ್ತಿದ್ರು. ಉಳಿದ ಮೂರು ಮೂಲೆ ಸಮ, ಅದೊಂದು ತಗ್ಗು. ಇಲ್ಲಿ ಸುರಿಯೋ ಮಳೆಗೆ ಇಳಿಸದೆ ಇರ್ತಾರಾ?" ಅವಳ ತಂದೆ ಮೈಸೂರಿನಲ್ಲಿ ಗಾರೆ ಮೇಸ್ತ್ರಿ. ಚಿಕ್ಕಂದಿನಿಂದ ಅವರ ಹಿಂದೆ ಓಡಾಡಿ ಬೆಳೆದವಳು. ಅವಳು ಪೊರಕೆ ಗೋಡೆಗೆ ಒರಗಿಸಿ ಕೇಳಿದಳು, "ನೀವು ಅಳತೆ ಎಲ್ಲಿಂದ ತಗೊಂಡ್ರಿ?"

ನೆಲದಿಂದ ತಗೊಂಡಿದ್ದೆ. ಒಂದು ಮೂಲೆ ಇಳಿದ ನೆಲದ ಮೇಲೆ ಒಂದೇ ಎತ್ತರದ ನಾಲ್ಕು ಸ್ಟ್ಯಾಂಡ್ ಇಟ್ಟು, ತೊಲೆಯನ್ನು ಅವುಗಳಿಗೆ ಕಚ್ಚಿಸಿ, ನೆಲದ ಸೊಟ್ಟವನ್ನೆಲ್ಲ ಚಾಸಿಗೆ ಬೆಸೆದುಬಿಟ್ಟಿದ್ದೆ. ಅದಕ್ಕೇ ಪೋರ್ಚಿನಲ್ಲಿ ನಾಲ್ಕೂ ಚಕ್ರ ಕೂರುತ್ತಿದ್ದವು, ಸಮನೆಲಕ್ಕೆ ಬಂದರೆ ತಗ್ಗಿನ ಮೂಲೆಯ ಬಲಚಕ್ರ ಕೆಳಗೆ ಚಾಚಿ ಪಕ್ಕದ ಎಡಚಕ್ರವನ್ನು ಎತ್ತಿಬಿಡುತ್ತಿತ್ತು.

"ಹೋಗಿ ಹೇಳಿ" ಎಂದಳು ಜಯಮ್ಮ.

"ಹೇಳ್ತೀನಿ. ಬೆಸೆಯೋ ಶಾಖಕ್ಕೆ ತೊಲೆ ತಿರುಚಿಕೊಂಡಿರಬೇಕು ಅಂತ."

"ಹಾಗಾಗಿದೆಯಾ?"

ಶಾಖಕ್ಕೆ ಕಬ್ಬಿಣ ತಿರುಚುವುದು ದಿನಾ ಆಗುವ ಸಂಗತಿ. ಕೂನ್ ಒಪ್ಪಿಕೊಳ್ಳುತ್ತಿದ್ದರು, ಯಾರ ತಪ್ಪೂ ಆಗುತ್ತಿರಲಿಲ್ಲ. ಜಯಮ್ಮ ನನ್ನನ್ನು ಇನ್ನೇನೂ ಕೇಳದೆ ಉಳಿದ ನೀರನ್ನು ಮೋರಿಗೆ ನೂಕಿದಳು. ಆ ಹೆಂಗಸು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೂನ್ ಮೂರು ಲೋಟ ಕಾಫಿ ಹಿಡಿದುಕೊಂಡು ಬಂದರು. ನಾನು ನಿಂತುಕೊಂಡು, "ಬಾಸ್, ಸ್ಪ್ರಿಂಗಿನದು ಏನೂ ಇಲ್ಲ. ಚಾಸಿ ಸೊಟ್ಟ. ನಾನು ಲೆವೆಲ್ ನೋಡಿರಲಿಲ್ಲ" ಎಂದೆ.

"ನೋಡಿದ್ದೆ ಅಂದೆಯಲ್ಲ."

"ಸುಳ್ಳು ಹೇಳಿದೆ."

ಅವರು ಲೋಟಗಳನ್ನು ಮೆಟ್ಟಿಲ ಮೇಲೆ ಒಂದೊಂದಾಗಿ ಇಟ್ಟರು. ಮುಖ ಸಪ್ಪಗಾಗಿತ್ತು. ಅಷ್ಟು ವರ್ಷದಲ್ಲಿ ಅವರು ಕೂಗಾಡಿದ್ದನ್ನು ನೋಡಿದ್ದೇನೆ, ಆ ಮುಖವನ್ನು ನೋಡಿರಲಿಲ್ಲ. "ಮೂರು ಭಾನುವಾರ, ಸಾಮಿ" ಎಂದಷ್ಟೇ ಹೇಳಿದರು. ಆಮೇಲೆ ಒಳಗೆ ಹೋದರು. ಮಾತು ಮುಗಿಯಿತು, ಇನ್ನು ಈ ಮನೆಗೆ ನಾನು ಬರುವ ಹಾಗಿಲ್ಲ ಎಂದುಕೊಂಡೆ. ಅವರು ಕಟಿಂಗ್ ಗ್ರೈಂಡರ್ ಹಿಡಿದುಕೊಂಡು ಹೊರಗೆ ಬಂದು ನನ್ನ ಕೈಗೆ ಕೊಟ್ಟರು.

"ಕತ್ತರಿಸು. ಮೂರೂ."

"ಬಾಡಿ, ಎಂಜಿನ್ ಎಲ್ಲ ಇಳಿಸಬೇಕು ಬಾಸ್. ಐದೇ ಭಾನುವಾರ ಇದೆ ಇವತ್ತು ಬಿಟ್ಟರೆ."

"ಹಾಗಾದರೆ ಮಾತಾಡುತ್ತಾ ಯಾಕೆ ನಿಂತಿದ್ದೀಯ?"

ಎರಡು ವರ್ಷ ಏರಿಸಿದ್ದನ್ನು ಅವತ್ತು ಸಂಜೆಯೊಳಗೆ ಇಳಿಸಿದೆವು. ನನ್ನ ಕೈಯಿಂದಲೇ ನನ್ನ ಬೆಸುಗೆಯನ್ನು ಕತ್ತರಿಸಿದೆ. ಬಹಳ ಅಂದವಾಗಿದ್ದ ಬೆಸುಗೆ ಅದು, ಹಾಳಾಗಿಹೋಗಲಿ.

ಸೋಮವಾರ ವರ್ಕ್‌ಶಾಪಿನ ಮ್ಯಾನೇಜರನ ಮುಂದೆ ನಿಂತು ಒಂದು ವಾರ ರಜೆ ಕೇಳಿದೆ. ಯಾಕೆ ಎಂದ. ಚಾಸಿ ಸೊಟ್ಟಗಾಗಿದೆ, ನೆಟ್ಟಗೆ ಮಾಡಬೇಕು ಎಂದೆ. "ಹೊಸದು ಆರ್ಡರ್ ಮಾಡು" ಎಂದ, ಕಂಪ್ಯೂಟರಿನಿಂದ ಕಣ್ಣೆತ್ತದೆ. ಅದಕ್ಕೆ ನಂಬರಿಲ್ಲ ಸಾರ್ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ರಜೆ ಕೊಟ್ಟ.

ಈ ಸಲ ಪೋರ್ಚಿನ ನೆಲವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜಯಮ್ಮ ತನ್ನ ತಂದೆ ಮಾಡುತ್ತಿದ್ದ ಹಾಗೆ ಪಾರದರ್ಶಕ ಪೈಪು ತರಿಸಿ ಅದಕ್ಕೆ ನೀರು ತುಂಬಿಸಿದಳು. ಪೈಪಿನ ಎರಡು ತುದಿಯಲ್ಲೂ ನೀರು ನಿಲ್ಲುವುದು ಒಂದೇ ಮಟ್ಟಕ್ಕೆ, ಕೆಳಗಿನ ನೆಲ ಹೇಗಾದರೂ ಇರಲಿ. ಒಂದು ತುದಿಯನ್ನು ಕೂನ್ ಹಿಡಿದರು, ಇನ್ನೊಂದನ್ನು ಅವಳು. "ಬಾಸ್, ಅಲ್ಲಾಡಬೇಡಿ. ಗುಳ್ಳೆ ಇದ್ದರೆ ಸುಳ್ಳು ತೋರಿಸುತ್ತೆ" ಎಂದು ಅವರಿಗೇ ಗದರಿದಳು. ತಗ್ಗಿನ ಮೂಲೆಯ ಸ್ಟ್ಯಾಂಡಿನ ಕೆಳಗೆ ತಗಡಿನ ಚೂರುಗಳನ್ನು ಒಂದೊಂದಾಗಿ ಸೇರಿಸಿ ಏರಿಸಿದೆವು. ರಸಮಟ್ಟ ಇಟ್ಟು ನೋಡಿದೆವು. ಮೂಲೆಯಿಂದ ಮೂಲೆಗೆ ದಾರ ಕಟ್ಟಿ ನೋಡಿದೆವು. ನಾನು ನೋಡಿದ್ದನ್ನು ಕೂನ್ ಮತ್ತೆ ನೋಡುತ್ತಿದ್ದರು, ಮೊದಲು ಹಾಗೆ ಮಾಡುತ್ತಿರಲಿಲ್ಲ. ಅದು ನನಗೆ ಚುಚ್ಚುತ್ತಿತ್ತು. ಚುಚ್ಚಲಿ ಎಂದುಕೊಂಡು ಸುಮ್ಮನೆ ಕೆಲಸ ಮಾಡಿದೆ.

ಬೆಸುಗೆಯನ್ನೂ ಈ ಸಲ ಒಂದೇ ಉಸಿರಿಗೆ ಎಳೆಯಲಿಲ್ಲ. ಇಲ್ಲೊಂದು ಚೂರು, ಅದರ ಎದುರು ಮೂಲೆಯಲ್ಲಿ ಒಂದು ಚೂರು, ಆರುವವರೆಗೆ ಕಾಯುವುದು, ಮಟ್ಟ ನೋಡುವುದು, ಮತ್ತೆ ಒಂದು ಚೂರು. ಮೊದಲು ಒಂದು ದಿನದಲ್ಲಿ ಮುಗಿಸಿದ್ದಕ್ಕೆ ಈಗ ಪೂರ್ತಿ ಐದು ದಿನ ಹಿಡಿಯಿತು. ಮೂರನೆಯ ದಿನ ಮಳೆ ಅಡ್ಡಡ್ಡ ಬಡಿದು ಪೋರ್ಚೆಲ್ಲ ನೀರಾಯಿತು. ಆ ನೀರು ಹರಿದು ಮೋರಿಯ ಮೂಲೆ ಸೇರುವುದನ್ನು ಮೂವರೂ ನಿಂತು ನೋಡಿದೆವು. "ಎಷ್ಟು ವರ್ಷ ಈ ಮನೆಯಲ್ಲಿದ್ದೇನೆ. ನನಗೂ ಕಂಡಿರಲಿಲ್ಲ" ಎಂದರು ಕೂನ್. ಆ ವಾರ ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಿದ್ದು ಅದೊಂದೇ.

ಉಳಿದ ಭಾನುವಾರಗಳಲ್ಲಿ ಬಾಡಿ ಏರಿಸಿ, ಎಂಜಿನ್ ಕೂರಿಸಿ, ಬ್ರೇಕಿನ ಪೈಪು ಎಳೆದೆವು. ಕತ್ತರಿಸಿ ಮತ್ತೆ ಬೆಸೆದ ಕಡೆ ಎರಡೆರಡು ಸಾಲು ಬೆಸುಗೆ ಎದ್ದು ಕಾಣುತ್ತಿತ್ತು. ನಾನು ಅದನ್ನು ಉಜ್ಜಿ, ನುಣುಪು ಮಾಡಿ, ಕಪ್ಪು ಬಣ್ಣ ಹೊಡೆದೆ.

ಕೊನೆಯ ಭಾನುವಾರ ಮೇಡಂ ಬಂದರು. ಮನೆಯೊಳಗೆ ಪೆಟ್ಟಿಗೆಗಳನ್ನು ಕಟ್ಟಿಟ್ಟಾಗಿತ್ತು. ಗಾಡಿ ಅಂಕಣದಲ್ಲಿ ನಿಂತಿತ್ತು, ಗೇಟಿನ ಹೊರಗೆ ಸಂಸ್ಥೆಯ ಲಾರಿ. ಜಯಮ್ಮ ಮತ್ತೆ ನಾಲ್ಕು ನಿಂಬೆಹಣ್ಣು ಇಟ್ಟಳು. ಮೇಡಂ ಹುಬ್ಬು ಹಾರಿಸಿದರು. "ಇದು ಅವರ ಟೆಸ್ಟ್. ಆಮೇಲೆ ನಿಮ್ಮದು" ಎಂದರು ಕೂನ್. ಗಾಡಿ ಹೊರಟಿತು. ಒಂದು, ಎರಡು, ಮೂರು ಒಡೆದವು. ನಾನು ಎಡಚಕ್ರದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ನಾಲ್ಕನೆಯದರ ರಸ ನನ್ನ ಅಂಗಿಗೆ ಹಾರಿತು. ನನಗೆ ಕಣ್ಣು ತುಂಬಿಬಂತು. ನಿಂಬೆರಸ ಬಿತ್ತು ಎಂದು ಹೇಳಿ ಒರೆಸಿಕೊಂಡೆ.

ಮೇಡಂ ಕಟ್ಟುನಿಟ್ಟಿನ ಹೆಂಗಸು. ದಾರ, ಟೇಪು, ರಸಮಟ್ಟ ಎಲ್ಲ ತಮ್ಮದೇ ತಂದಿದ್ದರು. ಒಂದು ಗಂಟೆ ಗಾಡಿಯ ಸುತ್ತ, ಕೆಳಗೆ ತಿರುಗಿದರು. ಎದ್ದು ಬಂದು, "ಅಳತೆ ಸರಿಯಿದೆ. ಆದರೆ ಅಡ್ಡಪಟ್ಟಿಗಳಿಗೆ ಬಣ್ಣದ ಕೆಳಗೆ ಎರಡು ಸಲ ಬೆಸುಗೆ ಬಿದ್ದಿದೆ. ಯಾಕೆ?" ಎಂದು ಕೇಳಿದರು. ಡಿಸೈನ್ ಬದಲಾಯಿಸಿದೆವು ಎಂದರೆ ಮುಗಿದುಹೋಗುತ್ತಿತ್ತು. ಕೂನ್ ಬೇರೆಲ್ಲೋ ನೋಡುತ್ತಿದ್ದರು. ಈ ಸಲ ನನ್ನನ್ನು ಯಾರೂ ನೂಕಬೇಕಾಗಲಿಲ್ಲ. ಸೊಟ್ಟ ಬೆಸೆದದ್ದು ನಾನು, ಲೆವೆಲ್ ನೋಡಿರಲಿಲ್ಲ, ಕತ್ತರಿಸಿ ಮತ್ತೆ ಮಾಡಿದೆ ಎಂದೆ.

ಅವರು ಬಗ್ಗಿ ಆ ಬೆಸುಗೆಯನ್ನು ಇನ್ನೊಮ್ಮೆ ನೋಡಿದರು. ಕೂನ್ ಸ್ಟಿಯರಿಂಗನ್ನು ಹಿಡಿದೇ ನಿಂತಿದ್ದರು. "ಗಾಡಿ ತಗೊಳ್ಳುತ್ತೇನೆ" ಎಂದರು ಮೇಡಂ. "ಆದರೆ ಆ ಬಣ್ಣ ಕೆರೆದು ತೆಗೆಯಿರಿ. ನನ್ನ ಮಕ್ಕಳಿಗೆ ಅದು ಕಾಣಬೇಕು. ವರ್ಷಕ್ಕೊಂದು ಸಲ ನೀವೇ ಬಂದು ತೋರಿಸಬೇಕು."

ನಾನು ಅಲ್ಲೇ ಮಲಗಿ ನನ್ನ ಬಣ್ಣವನ್ನು ಕೆರೆದು ತೆಗೆದೆ. ಆಮೇಲೆ ಕೂನ್ ಗಾಡಿ ಹತ್ತಿ, ಅಂಕಣದಿಂದ ಮನೆಯ ಪಕ್ಕದ ಹಾದಿಯಲ್ಲಿ ಬಂದು, ಗೇಟು ದಾಟಿ, ಹಲಗೆಯ ಮೇಲೆ ಸೀದಾ ಲಾರಿಗೆ ಏರಿಸಿದರು. ಆ ಗಾಡಿ ತನ್ನ ಜನ್ಮದಲ್ಲಿ ಓಡಿದ ಅತಿ ದೊಡ್ಡ ಪ್ರಯಾಣ ಅದು. ಇಳಿದು ಬಂದವರು ನನ್ನ ಹೆಗಲಿನ ಮೇಲೆ ಕೈಯಿಟ್ಟು, "ಕಾಫಿ ಕುಡಿಯೋಣ" ಎಂದರು. ಒಂದು ತಿಂಗಳಿನಿಂದ ಅವರು ನನಗೆ ಹಾಗೆ ಹೇಳಿರಲಿಲ್ಲ.

ಈಗ ನನಗೂ ನಿವೃತ್ತಿಯಾಗಿದೆ. ವರ್ಷಕ್ಕೊಮ್ಮೆ ಆ ಸಂಸ್ಥೆಗೆ ಹೋಗುತ್ತೇನೆ. ಮಕ್ಕಳಿಗೆ ಆ ಬೆಸುಗೆ ತೋರಿಸಿ, ಕೈಗೆ ನೀರಿನ ಪೈಪು ಕೊಟ್ಟು, ಅವರು ನಿಂತಿರುವ ನೆಲವನ್ನೇ ಮೊದಲು ಅಳೆಯಿಸುತ್ತೇನೆ. ಒಂದು ಹಾಳೆ ತೆಗೆದುಕೊಂಡು ಗಾಡಿಯ ನಾಲ್ಕು ಚಕ್ರದ ಕೆಳಗೂ ತೂರಿಸಿ ನೋಡುತ್ತೇನೆ. ಹೊರಗೆ ಬಂದು ಬಸ್ ಸ್ಟಾಪಿನಿಂದ ಕೂನ್‌ಗೆ ಫೋನ್ ಮಾಡುತ್ತೇನೆ. ಅವರಿಗೆ ವಯಸ್ಸಾಗಿದೆ, ಚೋವಾ ಚು ಕಾಂಗಿನ ಆ ಒಂಬತ್ತನೆಯ ಮಹಡಿ ಬಿಟ್ಟು ಹೆಚ್ಚು ಇಳಿಯುವುದಿಲ್ಲ. ಹೇಗಿದ್ದೀಯ ಎಂದೂ ಕೇಳುವುದಿಲ್ಲ, ಕೇಳುವುದು ಒಂದೇ ಪ್ರಶ್ನೆ.

ಹೋದ ವರ್ಷ ಮಕ್ಕಳ ಪ್ರಶ್ನೆಗಳು ಮುಗಿಯಲೇ ಇಲ್ಲ. ಹೊತ್ತಾಗಿಬಿಟ್ಟಿತ್ತು, ಅವಸರದಲ್ಲಿ ಹೊರಟೆ. ಬಸ್ ಸ್ಟಾಪಿಗೆ ಬಂದು ಫ್ಯಾನಿನ ಹಾಗೆ ಕೈ ಬೀಸಿಕೊಳ್ಳುತ್ತಾ ಫೋನ್ ಮಾಡಿದೆ.

"ಸಾಮಿ, ನಾಲ್ಕೂ ಚಕ್ರ ನೆಲದ ಮೇಲಿದೆಯಾ? ಹಾಳೆ ಹಾಕಿ ನೋಡಿದೆಯಾ?"

ಎದುರಿಗೆ ನನ್ನ ಬಸ್ಸು ತಿರುಗಿಕೊಂಡು ಬರುತ್ತಿತ್ತು. ಚಕ್ರಗಳು ನೆಲದ ಮೇಲೆಯೇ ಇವೆ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಇದ್ದವು, ಈಗ ಎಲ್ಲಿಗೆ ಹೋಗುತ್ತವೆ.

"ನೋಡಲಿಲ್ಲ ಬಾಸ್" ಎಂದೆ.

"ಹೋಗಿ ನೋಡು" ಎಂದರು ಕೂನ್. "ನಾನು ಫೋನ್ ಇಡುವುದಿಲ್ಲ. ಕಾಯುತ್ತೇನೆ."

ಬಸ್ಸು ಬಂದು ನಿಂತಿತು. ಅದನ್ನು ಹೋಗಲು ಬಿಟ್ಟು, ಫೋನನ್ನು ಕಿವಿಗೆ ಹಿಡಿದುಕೊಂಡೇ ವಾಪಸು ನಡೆದೆ.